ಲಿಪಿಕಾರನ ಆಯ್ಕೆ

ಮಹಾಭಾರತವನ್ನು ಬರೆದುಕೊಳ್ಳಲು ಗಣಪತಿಯು ಒಪ್ಪಿದ ಕಥೆ ಕನ್ನಡದ ಮನೆಮನೆಗೂ ತಿಳಿದದ್ದೇ ಆಗಿದೆ. ತನ್ನ ಲೇಖನಿ ಒಂದು ಕ್ಷಣವೂ ನಿಲ್ಲದಂತೆ ವ್ಯಾಸರು ಹೇಳುತ್ತ ಹೋಗಬೇಕೆಂಬುದು ಗಣಪತಿಯ ಕರಾರು. ಅರ್ಥವನ್ನು ತಿಳಿಯದೆ ಒಂದಕ್ಷರವನ್ನೂ ಬರೆಯಕೂಡದೆಂಬುದು ವ್ಯಾಸರ ಮರುಕರಾರು. ಈ ಕಥೆ ಮೂಲಭಾರತಕ್ಕೆ ಸೇರಿದುದಲ್ಲವೆಂದು ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪರಿಷ್ಕರಣಕಾರರು ಅದನ್ನು ಅನುಬಂಧಕ್ಕೆ ಸರಿಸಿರುವುದು ನಿಜ. ಪ್ರಕ್ಷಿಪ್ತವಾದರೇನು? ಹೇಳುವವನಿಗೂ ಬರೆದುಕೊಳ್ಳುವವನಿಗೂ ಇರತಕ್ಕ ಧರ್ಮವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಓಟ ಕೆಡಬಾರದು, ಅರ್ಥವೂ ಕೆಡಬಾರದು. ಈ ಎರಡು ಕರಾರುಗಳೂ ಕೂಡಿ ನಡೆದಾಗಲೇ ಉಕ್ತಲೇಖನವು ಬರಹವೆನ್ನಿಸಿಕೊಳ್ಳುತ್ತದೆ.

ಈಗ ಗಣಪತಿಯ ಪೀಠದಲ್ಲಿ ಯಂತ್ರವು ಕುಳಿತಿದೆ. ಮನೆಯ ಕಂಪ್ಯೂಟರಿನ ಎದುರು ಮಾತನಾಡಿದರೆ ಆ ಮಾತು ಅಕ್ಷರವಾಗಿ ತೆರೆಯ ಮೇಲೆ ಮೂಡುವುದು ಇಂದು ವಿಸ್ಮಯದ ಸಂಗತಿಯಾಗಿ ಉಳಿದಿಲ್ಲ. ಕೈನಡುಕದಿಂದ ಲೇಖನಿಯನ್ನು ಹಿಡಿಯಲಾರದ ವೃದ್ಧರು, ದೃಷ್ಟಿ ಮಂದವಾದವರು, ಕೀಲಿಮಣೆಯಲ್ಲಿ ಕನ್ನಡವನ್ನು ಮೂಡಿಸುವ ಅಭ್ಯಾಸವಿಲ್ಲದವರು, ಎಲ್ಲರೂ ಈ ಅನುಕೂಲವನ್ನು ಅಪೇಕ್ಷಿಸುವುದು ಸಹಜ. ಆದರೆ ಉಕ್ತಲೇಖನದ ತಂತ್ರಾಂಶಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ಜನರು ನೋಡುವುದು ಸಾಮಾನ್ಯವಾಗಿ ಎರಡೇ ಅಂಶಗಳನ್ನು: ನಿಮಿಷಕ್ಕೆ ಎಷ್ಟು ಪದ, ನೂರಕ್ಕೆ ಎಷ್ಟು ಸರಿ. ಇವೆರಡೂ ಗಣಪತಿಯ ಕರಾರಿಗೆ ಸೇರಿದ ಲೆಕ್ಕಗಳು. ವ್ಯಾಸರ ಕರಾರಿನ ಮಾತನ್ನು ಎತ್ತುವವರು ವಿರಳ. ಎತ್ತಬೇಕಾದವನು ವಿಮರ್ಶಕನೇ ಸರಿ. ಏಕೆಂದರೆ ಯಾರ ಕನ್ನಡವು ಬರಹಕ್ಕೆ ಇಳಿಯುತ್ತದೆ, ಯಾರ ಕನ್ನಡವು ಇಳಿಯುವ ಮೊದಲೇ ಬೇರೊಂದಾಗಿಬಿಡುತ್ತದೆ ಎಂಬುದು ಲಿಪಿಕಾರನ ಆಯ್ಕೆಯ ಮೇಲೆ ನಿಂತಿದೆ.

ಬಾಯಿಂದ ಹೇಳಿ ಬರೆಯಿಸಿದ ಸಾಹಿತ್ಯವು ಹೊಸದೇನೂ ಅಲ್ಲ. ಆಂಗ್ಲ ಕವಿ ಮಿಲ್ಟನ್ನನು 1652ರ ಹೊತ್ತಿಗೆ ಪೂರ್ಣವಾಗಿ ದೃಷ್ಟಿಹೀನನಾದನು. 1667ರಲ್ಲಿ ಅಚ್ಚಾದ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದ ಹತ್ತು ಸಾವಿರಕ್ಕೆ ಮೀರಿದ ಪಂಕ್ತಿಗಳನ್ನು ಅವನು ಮನಸ್ಸಿನಲ್ಲಿಯೇ ಕಟ್ಟಿ, ಹತ್ತಿರ ಸಿಕ್ಕವರಿಂದ ಬರೆಯಿಸಿದನು. ರಾತ್ರಿ ಕೂಡಿಬಂದ ಪದ್ಯಗಳ ಭಾರವನ್ನು ಬೆಳಗ್ಗೆ ಇಳಿಸಿಕೊಳ್ಳಲು ಲಿಪಿಕಾರನು ತಡಮಾಡಿ ಬಂದರೆ, ಹಾಲು ಕರೆಯದೆ ಬಿಟ್ಟ ಹಸುವಿನಂತೆ ಅವನು ಚಡಪಡಿಸುತ್ತಿದ್ದನೆಂದು ಹಳೆಯ ಚರಿತ್ರಕಾರರು ತಿಳಿಸುತ್ತಾರೆ. ಇದಕ್ಕಿಂತ ಮುಖ್ಯವಾದುದು ಅವನ ಸೋದರಳಿಯನಾದ ಎಡ್ವರ್ಡ್ ಫಿಲಿಪ್ಸನು ಬರೆದಿಟ್ಟ ಇನ್ನೊಂದು ಸಂಗತಿ. ಕಾವ್ಯವು ಹತ್ತು, ಇಪ್ಪತ್ತು, ಮೂವತ್ತು ಪಂಕ್ತಿಗಳ ಕಂತುಗಳಾಗಿ ಅವನ ಕೈಗೆ ಬರುತ್ತಿದ್ದಿತು. ಬೇರೆಬೇರೆಯವರ ಕೈಬರಹದಲ್ಲಿ ನುಸುಳಿದ ಕಾಗುಣಿತದ ಮತ್ತು ವಿರಾಮಚಿಹ್ನೆಗಳ ದೋಷಗಳನ್ನು ಅವನು ಆಗಾಗಲೇ ನೋಡಿ ತಿದ್ದುತ್ತಿದ್ದನು. ಮಿಲ್ಟನ್ನನು ಲಿಪಿಕಾರನ ವೇಗವನ್ನು ನೆಚ್ಚಿ ಕುಳಿತಿರಲಿಲ್ಲ. ಬರೆಯುವ ಕೈಯ ಹಿಂದೆ ತಿದ್ದುವ ಕಣ್ಣೊಂದನ್ನು ಇಟ್ಟಿದ್ದನು.

ಹೆನ್ರಿ ಜೇಮ್ಸನ ಉದಾಹರಣೆ ಇನ್ನೊಂದು ಬಗೆಯದು. ಮಣಿಕಟ್ಟಿನ ನೋವು ಬಾಧಿಸಿದ್ದರಿಂದ 1897ರಲ್ಲಿ ಆ ಕಾದಂಬರಿಕಾರನು ಹೇಳಿ ಬರೆಯಿಸುವ ಪದ್ಧತಿಗೆ ತಿರುಗಿದನು. ಸ್ವಲ್ಪ ಕಾಲದಲ್ಲಿ ನೇರವಾಗಿ ಬೆರಳಚ್ಚು ಯಂತ್ರಕ್ಕೇ ಹೇಳತೊಡಗಿದನು. 1907ರಿಂದ ಅವನ ಲಿಪಿಕಾರ್ತಿಯಾಗಿದ್ದ ಥಿಯೊಡೋರಾ ಬೋಸಾಂಕೆ ತನ್ನ ನೆನಪುಗಳನ್ನು 1924ರಲ್ಲಿ ಪ್ರಕಟಿಸಿದಳು. ರೆಮಿಂಗ್ಟನ್ ಯಂತ್ರದ ಟಕಟಕ ಸದ್ದು ಅವನ ಕಲ್ಪನೆಗೆ ತಾಳದಂತಾಗಿತ್ತೆಂದೂ, ಸದ್ದು ಮಾಡದ ಬೇರೊಂದು ಯಂತ್ರ ಬಂದಾಗ ಅವನ ಮಾತೇ ತಡೆಯಿತೆಂದೂ ಅವಳು ಹೇಳುತ್ತಾಳೆ. ಬಾಯಿಂದ ಹೇಳುವಾಗ ವಾಕ್ಯವು ಬಳ್ಳಿಯಂತೆ ಹಬ್ಬುತ್ತದೆಂಬುದನ್ನು ಅವನು ಬಲ್ಲವನಾಗಿದ್ದನು. ಆದುದರಿಂದಲೇ ಬಿಗಿ ಬೇಕಾದ ಬರಹಗಳಿಗೆ ಮತ್ತೆ ಕೈಬರಹವನ್ನು ಆಶ್ರಯಿಸುತ್ತಿದ್ದನು. ಅವನ ಕೊನೆಯ ಕಾದಂಬರಿಗಳ ಉದ್ದುದ್ದ ವಾಕ್ಯಗಳನ್ನು ಮೆಚ್ಚುವವರೂ ಉಂಟು, ಜರೆಯುವವರೂ ಉಂಟು. ಆದರೆ ಬರೆಯಿಸುವ ಸಾಧನವು ಶೈಲಿಯ ಮೇಲೆ ತನ್ನ ಮುದ್ರೆಯನ್ನು ಒತ್ತದೆ ಬಿಡುವುದಿಲ್ಲವೆಂಬುದನ್ನು ಇಬ್ಬರೂ ಒಪ್ಪಲೇಬೇಕು.

ಕನ್ನಡದಲ್ಲಿ ಈ ವಿಚಾರಕ್ಕೆ ಇನ್ನೂ ಆಳವಾದ ಬೇರಿದೆ. ಗದುಗಿನ ಕುಮಾರವ್ಯಾಸನು ವೀರನಾರಾಯಣನನ್ನೇ ಕವಿಯೆಂದು ಕರೆದು, ತಾನು ಲಿಪಿಕಾರ ಮಾತ್ರನೆಂದು ಹೇಳಿಕೊಂಡನು. ಹಲಗೆ ಬಳಪಗಳನ್ನು ಹಿಡಿದು ಕರಡು ಮಾಡಿದವನಲ್ಲವೆಂದೂ, ಇಟ್ಟ ಪದವನ್ನು ಅಳಿಸಿದವನಲ್ಲವೆಂದೂ ಅದೇ ಕವಿ ಹೆಮ್ಮೆಪಟ್ಟುದನ್ನು ಕಾವ್ಯದ ಪೀಠಿಕೆಯಲ್ಲಿ ಕಾಣಬಹುದು. ಆ ಕಾವ್ಯವು ಶತಮಾನಗಳ ಕಾಲ ಗಮಕಿಗಳ ಕಂಠದಲ್ಲಿ ಬಾಳಿದುದು ಅದರ ಹುಟ್ಟಿಗೆ ತಕ್ಕುದೇ ಆಗಿದೆ. ಈಚಿನವರಲ್ಲಿ ಶಿವರಾಮ ಕಾರಂತರು ಹೇಳಿ ಬರೆಯಿಸುವುದನ್ನು ರೂಢಿಸಿಕೊಂಡವರು. ಉತ್ತರವಯಸ್ಸಿನಲ್ಲಿ ಅವರ ಬರವಣಿಗೆಗೆ ನೆರವಾದ ಮಾಲಿನಿ ಮಲ್ಯರು ಮುಂದೆ ಅವರ ಬಿಡಿ ಲೇಖನಗಳನ್ನು ಸಂಪುಟಗಳಾಗಿ ಸಂಪಾದಿಸಿದರು. ಅರ್ಥವನ್ನು ಅರಿತು ಬರೆದುಕೊಂಡವರೇ ಸಂಪಾದಕರಾಗಬಲ್ಲರು. ವ್ಯಾಸರ ಕರಾರಿಗೆ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ಹುಡುಕಬೇಕಾಗಿಲ್ಲ.

ಯಂತ್ರವು ಈ ಪರಂಪರೆಯೊಳಗೆ ಪ್ರವೇಶಿಸಿದುದು ತೀರ ಈಚೆಗೆ. ಮನೆಯ ಕಂಪ್ಯೂಟರಿಗೆಂದು ಮಾರಾಟಕ್ಕೆ ಬಂದ ಮೊದಲ ಉಕ್ತಲೇಖನ ತಂತ್ರಾಂಶಗಳಲ್ಲಿ ಹೆಸರುವಾಸಿಯಾದ ‘ಡ್ರ್ಯಾಗನ್ ಡಿಕ್ಟೇಟ್’ 1990ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಅದರ ಬೆಲೆ ಸುಮಾರು 9,000 ಡಾಲರು. ಒಂದೊಂದು ಪದದ ನಡುವೆಯೂ ನಿಲ್ಲಿಸಿ ನಿಲ್ಲಿಸಿ ಹೇಳಿದರೆ ಮಾತ್ರ ಅದು ಗ್ರಹಿಸುತ್ತಿದ್ದಿತು. ಗಣಪತಿಯ ಕರಾರು ಅಲ್ಲಿ ತಲೆಕೆಳಗಾಗಿತ್ತು: ಲಿಪಿಕಾರನಿಗಾಗಿ ಕವಿಯೇ ಹೆಜ್ಜೆಹೆಜ್ಜೆಗೂ ಕಾಯಬೇಕಾಗಿತ್ತು. 1997ರಲ್ಲಿ ಅದೇ ಸಂಸ್ಥೆಯ ‘ನ್ಯಾಚುರಲಿ ಸ್ಪೀಕಿಂಗ್’ ಬಂದ ಮೇಲೆ ಎಡೆಬಿಡದ ಸಹಜವಾದ ಮಾತೂ ಬರಹಕ್ಕೆ ಇಳಿಯತೊಡಗಿತು. ಅಮೆರಿಕದ ಕಾದಂಬರಿಕಾರ ರಿಚರ್ಡ್ ಪವರ್ಸರು ಹಾಸಿಗೆಯಲ್ಲಿ ಒರಗಿಕೊಂಡು ಪುಟ್ಟ ಕಂಪ್ಯೂಟರಿಗೆ ಮಾತುಗಳನ್ನು ಹೇಳುತ್ತ ಕಾದಂಬರಿ ರಚಿಸುವ ತಮ್ಮ ಕ್ರಮವನ್ನು 2007ರಲ್ಲಿ ಪ್ರಬಂಧವೊಂದರಲ್ಲಿ ವಿವರಿಸಿದರು; ಅವರ ‘ದಿ ಎಕೋ ಮೇಕರ್’ ಎಂಬ ಕೃತಿಗೆ 2006ರಲ್ಲಿ ಅಲ್ಲಿನ ರಾಷ್ಟ್ರೀಯ ಗ್ರಂಥ ಪುರಸ್ಕಾರ ದೊರೆತಿತ್ತು. ಯಂತ್ರದ ಲಿಪಿಕಾರನಿಂದ ಉತ್ತಮ ಸಾಹಿತ್ಯವು ಹುಟ್ಟಲಾರದೆಂಬ ವಾದಕ್ಕೆ ಇಷ್ಟು ಉತ್ತರ ಸಾಕು.

ಆದರೆ ಈ ಭಾಗ್ಯವೆಲ್ಲ ಬಹುಕಾಲ ಆಂಗ್ಲವೇ ಮೊದಲಾದ ಕೆಲವು ಭಾಷೆಗಳಿಗೆ ಮೀಸಲಾಗಿತ್ತು. ‘ಡ್ರ್ಯಾಗನ್’ ಕನ್ನಡವನ್ನು ಕಲಿಯಲೇ ಇಲ್ಲ. 2017ರ ಆಗಸ್ಟಿನಲ್ಲಿ ಗೂಗಲ್ ಸಂಸ್ಥೆಯು ತನ್ನ ಧ್ವನಿಬರಹಕ್ಕೆ ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳನ್ನು ಹೊಸದಾಗಿ ಸೇರಿಸಿದಾಗ ಸಾಮಾನ್ಯ ಕನ್ನಡಿಗನಿಗೆ ಬಾಗಿಲು ತೆರೆಯಿತು. 2022ರ ಸೆಪ್ಟೆಂಬರಿನಲ್ಲಿ ಓಪನ್ ಎಐ ಸಂಸ್ಥೆಯು ‘ವಿಸ್ಪರ್’ ಎಂಬ ತಂತ್ರಾಂಶವನ್ನು ಎಲ್ಲರ ಉಪಯೋಗಕ್ಕೂ ಬಿಟ್ಟಿತು. ಅದನ್ನು ಮನೆಯ ಕಂಪ್ಯೂಟರಿನಲ್ಲಿಯೇ ಇರಿಸಿಕೊಂಡು ನಡೆಯಿಸಬಹುದು. ಚೆನ್ನೈಯ ಐಐಟಿಯಲ್ಲಿರುವ ‘ಎಐ ಫಾರ್ ಭಾರತ್’ ಬಳಗವೂ ಭಾರತೀಯ ಭಾಷೆಗಳಿಗೆಂದೇ ಇಂತಹವನ್ನು ಸಿದ್ಧಪಡಿಸಿ ಮುಕ್ತವಾಗಿ ಕೊಟ್ಟಿದೆ. ಆರಿಸಿಕೊಳ್ಳುವ ಕಷ್ಟವು ಒದಗಿರುವುದೇ ಭಾಗ್ಯದ ಚಿಹ್ನೆಯೆನ್ನಬಹುದು.

ಆರಿಸುವ ಮೊದಲು ಯಂತ್ರವು ಕೇಳುವ ಬಗೆಯನ್ನು ತಿಳಿದಿರುವುದು ಒಳ್ಳಿತು. ಅದಕ್ಕೆ ಅರ್ಥವೆಂಬುದು ಮನುಷ್ಯನಿಗೆ ಹೊಳೆಯುವಂತೆ ಹೊಳೆಯುವುದಿಲ್ಲ. ಕೇಳಿದ ಧ್ವನಿಗೆ ಯಾವ ಪದವು ಹೊಂದಬಹುದು, ಹಿಂದಿನ ಪದದ ಮೇಲೆ ಯಾವುದು ಬರುವ ಸಂಭವ ಹೆಚ್ಚು ಎಂಬುದನ್ನು, ತಾನು ಮೊದಲು ಕೇಳಿದ ಅಪಾರ ಮಾತಿನ ಆಧಾರದ ಮೇಲೆ ಅದು ಎಣಿಸುತ್ತದೆ. ಹೆಚ್ಚಾಗಿ ಕೇಳಿದುದರ ಕಡೆಗೆ ಅದರ ಕಿವಿ ವಾಲುತ್ತದೆ. ಆದುದರಿಂದ ಅಪೂರ್ವವಾದ ಪದವನ್ನು ಬಿಟ್ಟು ಬಳಕೆಯ ಪದವನ್ನು ಹಿಡಿಯುವುದು, ಊರಿನ ಹೆಸರನ್ನೋ ಮನೆತನದ ಹೆಸರನ್ನೋ ಪರಿಚಿತ ಪದವೊಂದಕ್ಕೆ ತಿರುಗಿಸುವುದು ಅದರ ಸ್ವಭಾವದೋಷ. ಇದಕ್ಕಿಂತ ಅಪಾಯಕರವಾದುದೂ ಒಂದುಂಟು. ‘ವಿಸ್ಪರ್’ ತಂತ್ರಾಂಶವನ್ನು ಆಂಗ್ಲದ ಧ್ವನಿಮುದ್ರಣಗಳ ಮೇಲೆ ಪರೀಕ್ಷಿಸಿದ ಸಂಶೋಧಕರು 2024ರಲ್ಲಿ ಪ್ರಕಟಿಸಿದಂತೆ, ನೂರರಲ್ಲಿ ಸುಮಾರು ಒಂದು ತುಣುಕಿನಲ್ಲಿ ಯಾರೂ ಆಡದ ಮಾತುಗಳು ಬರಹದಲ್ಲಿ ಸೇರಿಕೊಂಡಿದ್ದುವು. ಮಾತಿನ ನಡುವೆ ಮೌನ ದೀರ್ಘವಾದವರಲ್ಲಿ ಈ ದೋಷವು ಹೆಚ್ಚು. ವ್ಯಾಸರು ಉಸಿರು ತೆಗೆದುಕೊಳ್ಳಲು ನಿಂತಾಗ ಗಣಪತಿಯು ತಾನೇ ಶ್ಲೋಕವೊಂದನ್ನು ಕಟ್ಟಿ ಬರೆದುಬಿಟ್ಟಂತೆ ಇದು. ಅಕ್ಷರದೋಷವನ್ನು ಕಣ್ಣು ಒಡನೆಯೇ ಹಿಡಿಯುತ್ತದೆ. ಚೆಂದವಾಗಿ ಕುಳಿತ ಸುಳ್ಳುವಾಕ್ಯವನ್ನು ಹೇಳಿದವರೂ ತಮ್ಮದೆಂದು ನಂಬಿಬಿಡಬಹುದು.

ಕನ್ನಡದ ವಿಷಯದಲ್ಲಿ ಇನ್ನೂ ಎರಡು ತೊಡಕುಗಳಿವೆ. ಒಂದು, ಆಡುವ ನುಡಿಗೂ ಬರೆಯುವ ನುಡಿಗೂ ಇರುವ ಅಂತರ. ‘ಬಂದಿದ್ದಾನೆ’ ಎಂದು ಬರೆಯುವುದನ್ನು ಮಂಡ್ಯದ ಹಳ್ಳಿಯವರು ‘ಬಂದವ್ನೆ’ ಎನ್ನುತ್ತಾರೆ, ಧಾರವಾಡದವರು ‘ಬಂದಾನ’ ಎನ್ನುತ್ತಾರೆ. ಹಾಲನ್ನು ‘ಆಲು’ ಎನ್ನುವ ಸೀಮೆಗಳೂ ಉಂಟು. ಇವುಗಳಲ್ಲಿ ಯಂತ್ರವು ಯಾವುದನ್ನು ಬರೆಯಬೇಕು? ಆಡಿದುದನ್ನು ಆಡಿದಂತೆಯೇ ಬರೆಯಬೇಕೋ, ಗ್ರಾಂಥಿಕಕ್ಕೆ ತಿರುಗಿಸಬೇಕೋ? ಉತ್ತರವು ಅದು ಏನನ್ನು ಕೇಳಿ ಬೆಳೆಯಿತೆಂಬುದರಲ್ಲಿ ಅಡಗಿದೆ. ‘ವಿಸ್ಪರ್’ ಆರು ಲಕ್ಷದ ಎಂಬತ್ತು ಸಾವಿರ ಗಂಟೆಗಳ ಧ್ವನಿಯನ್ನು ಕೇಳಿ ಕಲಿತಿತ್ತು. ಅದರಲ್ಲಿ ಕನ್ನಡದ ಮಾತಿಗೆ ಕನ್ನಡದ ಬರಹವೇ ಜೊತೆಗಿದ್ದ ಪಾಲು ಹತ್ತು ಗಂಟೆಗಳಿಗೂ ತುಂಬದು. ಚೆನ್ನೈಯ ಬಳಗವು ಕೂಡಿಸಿದ ‘ಶ್ರುತಿಲಿಪಿ’ ಎಂಬ ದೊಡ್ಡ ಭಂಡಾರವು ಆಕಾಶವಾಣಿಯ ವಾರ್ತೆಗಳಿಂದ ತೆಗೆದುದು. ವಾರ್ತೆಯ ಕನ್ನಡವು ಶುದ್ಧವಾದುದೇ. ಆದರೆ ಅಡುಗೆಮನೆಯ ಕನ್ನಡ, ಸಂತೆಯ ಕನ್ನಡ, ಹೊಲದ ಕನ್ನಡಗಳು ಅದರಲ್ಲಿ ಇರಲಾರವು. ಈ ಕೊರತೆಯನ್ನು ಅರಿತೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಪ್ರಾದೇಶಿಕ ನುಡಿಗಳನ್ನು ಜನರ ಬಾಯಿಂದಲೇ ಸಂಗ್ರಹಿಸುವ ಯೋಜನೆಗಳನ್ನು ಕೈಗೊಂಡರು. ಯಂತ್ರದ ಕಿವಿಯನ್ನು ಹಿಗ್ಗಿಸಲು ಇದೊಂದೇ ದಾರಿ.

ಎರಡನೆಯದು, ಕನ್ನಡದ ಪದರಚನೆ. ‘ಮನೆಯಲ್ಲಿದ್ದಾನೆ’ ಎಂದು ಕೂಡಿಸಿ ಬರೆದರೂ ಸರಿ, ‘ಮನೆಯಲ್ಲಿ ಇದ್ದಾನೆ’ ಎಂದು ಬಿಡಿಸಿ ಬರೆದರೂ ಸರಿ. ಆದರೆ ಪದಗಳನ್ನು ಎಣಿಸಿ ತಪ್ಪು ಹಿಡಿಯುವ ಲೆಕ್ಕದಲ್ಲಿ ಇವು ಬೇರೆಬೇರೆ. ಒಂದು ಪ್ರತ್ಯಯ ತಪ್ಪಿದರೆ ಇಡೀ ಪದವೇ ತಪ್ಪೆಂದು ಲೆಕ್ಕವಾಗುತ್ತದೆ. ಮತ್ತೊಂದು ಕಡೆ, ‘ಅವನಿಗೂ’ ಎಂಬಲ್ಲಿ ‘ಅವನಿಗೆ’ ಎಂದು ಬಿದ್ದರೆ ಎಣಿಕೆಯಲ್ಲಿ ಅದು ಒಂದೇ ತಪ್ಪು. ಕಥೆಯಲ್ಲಿ ಅದರಿಂದ ಒಬ್ಬ ಮನುಷ್ಯನೇ ಕಾಣೆಯಾಗಬಹುದು. ಆದುದರಿಂದ ನೂರಕ್ಕೆ ತೊಂಬತ್ತೈದು ಸರಿಯೆಂಬ ಜಾಹೀರಾತನ್ನು ಕಂಡು ಮನೆಯವರು ಹಿಗ್ಗಬೇಕಾದುದಿಲ್ಲ. ಎರಡು ಸಾವಿರ ಪದಗಳ ಲೇಖನದಲ್ಲಿ ಅದು ನೂರು ತಪ್ಪುಗಳೆಂದಾಯಿತು. ಆ ನೂರು ಎಂತಹ ತಪ್ಪುಗಳೆಂಬುದೇ ಪ್ರಶ್ನೆ.

ಗ್ರಾಮ್ಯವನ್ನು ಯಂತ್ರವು ತಾನಾಗಿ ಶಿಷ್ಟಕ್ಕೆ ತಿದ್ದಿಕೊಟ್ಟರೆ ನಷ್ಟವೇನು, ಲಾಭವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಕಚೇರಿಯ ಪತ್ರಕ್ಕೆ, ಸಭೆಯ ವರದಿಗೆ ಅದು ಲಾಭವೇ ಸರಿ. ಆದರೆ ತಿದ್ದುವುದು ಬೇರೆ, ಕೇಳದೆಯೇ ತಿದ್ದುವುದು ಬೇರೆ. ಫಿಲಿಪ್ಸನು ತಿದ್ದಿದನು, ತಿದ್ದಿದುದನ್ನು ಮಾವನು ಬಲ್ಲವನಾಗಿದ್ದನು. ಹೇಳಿದವರಿಗೆ ತಿಳಿಯದಂತೆ ನಡೆದ ತಿದ್ದುಪಡಿಯು ಅವರ ಬಾಯನ್ನು ಮುಚ್ಚಿ ಇನ್ನೊಬ್ಬರು ಆಡಿದ ಮಾತಾಗುತ್ತದೆ. ಕನ್ನಡ ಸಾಹಿತ್ಯದಲ್ಲಿ ಪ್ರಾದೇಶಿಕ ನುಡಿಯು ಕಥೆ ಕಾದಂಬರಿಗಳಲ್ಲಿ ಸಮಾನವಾದ ಸ್ಥಾನವನ್ನು ಪಡೆಯಲು ಒಂದು ಶತಮಾನವೇ ಬೇಕಾಯಿತು. ಅಷ್ಟು ಕಷ್ಟದಿಂದ ಸಂಪಾದಿಸಿದುದನ್ನು ಯಂತ್ರದ ಸೌಕರ್ಯಕ್ಕಾಗಿ ಕೈಬಿಡುವುದು ವಿವೇಕವಲ್ಲ.

ಹಾಗಾದರೆ ಆಯ್ಕೆಯ ಕ್ರಮವೇನು? ಮೊದಲು ನೋಡಬೇಕಾದುದು, ಹೇಳುವವರ ಸೀಮೆಯ ಮಾತನ್ನು ಅದು ಎಷ್ಟರಮಟ್ಟಿಗೆ ಉಳಿಸುತ್ತದೆ ಎಂಬುದನ್ನು. ಎರಡನೆಯದು, ಮೂಲ ಧ್ವನಿಯನ್ನು ಉಳಿಸಿಕೊಳ್ಳುವ ಅನುಕೂಲ. ಧ್ವನಿಯನ್ನು ಮುದ್ರಿಸಿಟ್ಟು ಆ ಮೇಲೆ ಬರಹಕ್ಕೆ ಇಳಿಸಿದರೆ, ಸಂದೇಹ ಬಂದೆಡೆಯಲ್ಲಿ ಮತ್ತೆ ಕೇಳಿ ನೋಡಬಹುದು. ಮಾತು ಹಾರಿಹೋಗಿ ಬರಹವೊಂದೇ ಉಳಿದರೆ ವಿಚಾರಿಸಲು ಸಾಕ್ಷಿಯಿಲ್ಲ. ಮೂರನೆಯದು, ಧ್ವನಿ ಎಲ್ಲಿಗೆ ಹೋಗುತ್ತದೆ ಎಂಬುದು. ಗೂಗಲ್ಲಿನ ದಾಖಲೆಯಲ್ಲಿ ನಡೆಯುವ ಧ್ವನಿಬರಹಕ್ಕೆ ಅಂತರ್ಜಾಲ ಬೇಕು. ಹೇಳಿದ ಮಾತು ದೂರದ ಯಂತ್ರಕ್ಕೆ ಹೋಗಿ ಅಕ್ಷರವಾಗಿ ಮರಳುತ್ತದೆ. ಬಳಕೆಗೆ ಅದು ಸುಲಭ, ಹಣದ ಖರ್ಚೂ ಇಲ್ಲ. ‘ವಿಸ್ಪರ್’ ಜಾತಿಯವು ಮನೆಯ ಯಂತ್ರದಲ್ಲಿಯೇ ಕೆಲಸ ಮಾಡಬಲ್ಲುವು. ಆದರೆ ಅವನ್ನು ಅಳವಡಿಸಲು ತಿಳಿದವರ ನೆರವೂ, ತಕ್ಕಷ್ಟು ಬಲವುಳ್ಳ ಕಂಪ್ಯೂಟರೂ ಬೇಕು. ಪತ್ರಿಕೆಗೆ ಕಳುಹಿಸುವ ಲೇಖನಕ್ಕೆ ಮೊದಲನೆಯದು ಸಾಕು. ಮನೆತನದ ಗುಟ್ಟುಗಳು, ಸತ್ತವರ ತಪ್ಪುಗಳು, ಬದುಕಿರುವವರ ನೋವುಗಳು ಬರುವ ಆತ್ಮವೃತ್ತವನ್ನು ಹೊಸಿಲು ದಾಟಿಸುವ ಮೊದಲು ಎರಡು ಸಲ ಯೋಚಿಸುವುದು ಲೇಸು.

ಇದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಹೇಳುವವರು ಅಚ್ಚಾದ ಪುಟವೊಂದನ್ನು ಓದಲಿ. ಅನಂತರ ಅಷ್ಟೇ ಹೊತ್ತು ತಮ್ಮ ಬಾಲ್ಯದ ಸಂಗತಿಯೊಂದನ್ನು ಮನಬಂದಂತೆ ಹೇಳಲಿ. ಮೊದಲನೆಯದರಲ್ಲಿ ಎಲ್ಲ ತಂತ್ರಾಂಶಗಳೂ ಬಹುಮಟ್ಟಿಗೆ ಗೆಲ್ಲುತ್ತವೆ. ಗಟ್ಟಿ ಯಾವುದು ಜೊಳ್ಳು ಯಾವುದೆಂಬುದು ಎರಡನೆಯದರಲ್ಲಿ ಗೊತ್ತಾಗುತ್ತದೆ. ಬಂದ ಬರಹವನ್ನು ಮೂರು ಬಣ್ಣದ ಗುರುತುಗಳಿಂದ ನೋಡಬೇಕು: ಕಾಗುಣಿತದ ತಪ್ಪಿಗೆ ಒಂದು, ಬದಲಾದ ಪದಕ್ಕೆ ಒಂದು, ಆಡದೆಯೇ ಬಂದ ಮಾತಿಗೆ ಒಂದು. ಮೊದಲನೆಯ ಬಣ್ಣವು ಎಷ್ಟೇ ಹೆಚ್ಚಿದ್ದರೂ ಕ್ಷಮ್ಯ. ಎರಡನೆಯದು ಹೆಚ್ಚಿದ್ದರೆ ಎಚ್ಚರ ಬೇಕು. ಮೂರನೆಯದು ಕಂಡುಬಂದರೆ, ಆ ಲಿಪಿಕಾರನು ಎಷ್ಟೇ ಚುರುಕಾಗಿದ್ದರೂ ಪಕ್ಕದಲ್ಲಿ ಕಾವಲಿಲ್ಲದೆ ಅವನನ್ನು ಬಿಡಕೂಡದು. ಬರೆಯಿಸಲು ತೆಗೆದುಕೊಂಡ ಹೊತ್ತಿನ ಜೊತೆಗೆ ತಿದ್ದಲು ತೆಗೆದುಕೊಂಡ ಹೊತ್ತನ್ನೂ ಕೂಡಿಸಿದ ಮೇಲೆ ಉಳಿಯುವುದೇ ನಿಜವಾದ ವೇಗ.

ತಿದ್ದುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳದೆ, ಮಿಲ್ಟನ್ನನ ಮನೆಯಲ್ಲಿ ನಡೆಯುತ್ತಿದ್ದಂತೆ ಇಪ್ಪತ್ತು ಮೂವತ್ತು ಸಾಲುಗಳಿಗೊಮ್ಮೆ ಮಾಡುವುದು ಹಿತ. ಹೇಳಿದುದು ಕಿವಿಯಲ್ಲಿ ಇನ್ನೂ ಬಿಸಿಯಾಗಿರುವಾಗ ತಪ್ಪು ತಾನಾಗಿ ಎದ್ದು ಕಾಣುತ್ತದೆ. ತಿಂಗಳಾದ ಮೇಲೆ ಅದೇ ತಪ್ಪು ಸತ್ಯದ ವೇಷದಲ್ಲಿ ಕುಳಿತಿರುತ್ತದೆ. ಇನ್ನು ಯಾವ ಬರಹಕ್ಕೆ ಈ ಸಾಧನವೆಂಬ ಮಾತು. ಪತ್ರ, ಪ್ರವಾಸಕಥನ, ನೆನಪುಗಳು, ಮಾತಿನ ಬಿಸುಪು ಬೇಡುವ ಪ್ರಬಂಧ, ಇವಕ್ಕೆ ಬಾಯಿಯೇ ಮೇಲು. ಬಿಗಿ ಬೇಕಾದ ಬರಹಕ್ಕೆ ಕೈಯೇ ಮೇಲೆಂಬುದಕ್ಕೆ ಹೆನ್ರಿ ಜೇಮ್ಸನ ಅಭ್ಯಾಸವೇ ಸಾಕ್ಷಿ. ಕುಮಾರವ್ಯಾಸನ ಹೆಮ್ಮೆಯನ್ನು ಎಲ್ಲರೂ ಆಡಿದರೆ ಸಲ್ಲದು. ಸಾಮಾನ್ಯರಿಗೆ ಹಲಗೆಯೂ ಬೇಕು, ಬಳಪವೂ ಬೇಕು, ಅಳಿಸುವ ಧೈರ್ಯವೂ ಬೇಕು.

ಕನ್ನಡದ ಅನೇಕ ಮನೆಗಳಲ್ಲಿ ಓದುಬರಹ ಅಷ್ಟಾಗಿ ಒಲಿಯದೆ ಹೋದ ಅಜ್ಜಿಯೊಬ್ಬಳು ಇನ್ನೂ ಇದ್ದಾಳೆ. ಮದುವೆಯ ಹಾಡುಗಳು, ಬರಗಾಲದ ದಿನಗಳು, ಹುಟ್ಟಿ ಉಳಿಯದ ಮಕ್ಕಳ ಹೆಸರುಗಳು ಅವಳ ನಾಲಗೆಯ ಮೇಲಿವೆ; ಅವು ಬೇರೆಲ್ಲಿಯೂ ಇಲ್ಲ. ಅವಳ ಮಾತು ನಡುನಡುವೆ ನಿಲ್ಲುತ್ತದೆ, ಮೌನವು ಬೆಳೆಯುತ್ತದೆ, ಸೀಮೆಯ ಪದಗಳು ಬರುತ್ತವೆ. ಯಂತ್ರವು ಎಡವುವುದು ಇಂತಹ ಎಡೆಗಳಲ್ಲಿಯೇ. ಹಾಗೆಂದು ಯಂತ್ರವನ್ನು ದೂರವಿಟ್ಟರೆ ಆ ಕಥೆಯು ಬರಹಕ್ಕೆ ಬಾರದೆಯೇ ಹೋಗಬಹುದು. ಯಂತ್ರವನ್ನೇ ನಂಬಿ ಕುಳಿತರೆ ಬರಹಕ್ಕೆ ಬಂದುದು ಅವಳದಲ್ಲದೆ ಹೋಗಬಹುದು. ಗಣಪತಿಯ ಕರಾರನ್ನು ಯಂತ್ರಕ್ಕೆ ಒಪ್ಪಿಸಿ, ವ್ಯಾಸರ ಕರಾರನ್ನು ಮೊಮ್ಮಗಳು ತಾನೇ ಹೊತ್ತುಕೊಂಡು ಅಜ್ಜಿಯ ಪಕ್ಕದಲ್ಲಿ ಕುಳಿತರೆ ಕೆಲಸವು ಆಗುತ್ತದೆ. ‘ಅಜ್ಜೀ, ಈ ಮಾತು ನೀನು ಹೇಳಿದ್ದೇ ಹೌದೆ?’ ಎಂದು ಓದಿ ಕೇಳುವ ಆ ಪ್ರಶ್ನೆಯನ್ನು ಇದುವರೆಗಿನ ಯಾವ ತಂತ್ರಾಂಶವೂ ಅವಳಂತೆ ಕೇಳಲಾರದು. ಲಿಪಿಕಾರನನ್ನು ಆರಿಸುವಾಗ, ಆ ಪ್ರಶ್ನೆಗೆ ಎಡೆಮಾಡಿಕೊಡುವವನನ್ನು ಆರಿಸುವುದೇ ಸರಿಯಾದ ಆಯ್ಕೆ.